ಹಿಂದಿನ ಹಲ್ಲು ಎಷ್ಟಿರಬೇಕು?

ಮೈಸೂರಿನಲ್ಲಿ ಒಂದು ಭಾನುವಾರ ಬೆಳಗಿನ ಸೈಕಲ್ ಸವಾರಿ ಮುಗಿಸಿ ಗೆಳೆಯರು ಸೇರಿದ್ದಾಗ ಆಡಿದ ಮಾತುಗಳು ಇವು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಚಾಮುಂಡಿ ಬೆಟ್ಟ ಹತ್ತಿ ಇಳಿದು, ತಿಂಡಿ ಮುಗಿಸಿ ಬಂದು ಕೂತಿದ್ದೀರಿ. ತೊಡೆಯಲ್ಲಿ ಇನ್ನೂ ನೋವಿದೆ, ಅಲ್ವಾ? ಗೇರಿನ ಬಗ್ಗೆ ಮಾತಾಡಲು ಇದೇ ಸರಿಯಾದ ಹೊತ್ತು.

ಈ ಮೇಜಿನ ಮೇಲೆ ಎರಡು ಕ್ಯಾಸೆಟ್, ಅಂದರೆ ಹಿಂದಿನ ಚಕ್ರದ ಹಲ್ಲಿನ ಬಿಲ್ಲೆಗಳ ಗುಚ್ಛ, ಇಟ್ಟಿದ್ದೇನೆ. ಎರಡೂ 11 ಸ್ಪೀಡಿನವು, ಅಂದರೆ ಹನ್ನೊಂದು ಬಿಲ್ಲೆಯವು, ಎರಡೂ ಶಿಮಾನೊ ಕಂಪನಿಯವು. ಒಂದು 11-28, ಇನ್ನೊಂದು 11-34. ಮೊದಲ ಅಂಕಿ ಅತಿ ಚಿಕ್ಕ ಬಿಲ್ಲೆಯ ಹಲ್ಲು, ಎರಡನೆಯದು ಅತಿ ದೊಡ್ಡದರದು. ತೊಳೆದು ತಂದಿದ್ದೇನೆ, ಕೈಗೆ ಮಸಿ ಆಗುವುದಿಲ್ಲ. ಕೈಯಿಂದ ಕೈಗೆ ದಾಟಿಸಿ. ನೋಡುವಾಗ ಹಿಂದಿನ ದೊಡ್ಡ ಬಿಲ್ಲೆಯೊಂದನ್ನೇ ನೋಡಬೇಡಿ. ಚಿಕ್ಕದರಿಂದ ಶುರು ಮಾಡಿ ಒಂದೊಂದರ ಹಲ್ಲನ್ನೂ ಎಣಿಸಿ. ಬಿಲ್ಲೆಯ ಮೇಲೇ ಅಂಕಿ ಕೆತ್ತಿರುತ್ತಾರೆ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಯಾಕೆ ಎಣಿಸಬೇಕು ಅಂತ ಆಮೇಲೆ ಹೇಳುತ್ತೇನೆ.

ಇವತ್ತು ಬೆಳಿಗ್ಗೆ ನಾನು ಬೇಕಂತಲೇ ಹಿಂದೆ ಉಳಿದೆ. ಮುಂದೆ ಹೋಗುತ್ತಿದ್ದವರ ಕಾಲುಗಳನ್ನು ನೋಡುತ್ತಾ ಬಂದೆ. ನಮ್ಮ ಗುಂಪಿಗೆ ಹೊಸದಾಗಿ ಸೇರಿರುವ ಹುಡುಗ ಒಬ್ಬ ಇದ್ದಾನೆ. ಒಳ್ಳೆಯ ಸೈಕಲ್ಲು, ಒಳ್ಳೆಯ ಕಾಲು. ನಂದಿ ವಿಗ್ರಹದ ಕಡೆಯ ತಿರುವು ದಾಟಿದ ಮೇಲೆ ಅವನ ಬಲಗಾಲು ಕೆಳಗೆ ಬರುವುದನ್ನು ಎಣಿಸಿದೆ. 10 ಸೆಕೆಂಡಿಗೆ 7 ಸಲ. ಅಂದರೆ ನಿಮಿಷಕ್ಕೆ 42 ಸುತ್ತು. ಒಂದೊಂದು ಸುತ್ತಿಗೂ ಹೆಗಲು ಪಕ್ಕಕ್ಕೆ ವಾಲುತ್ತಿತ್ತು. ಕೈಯೆರಡೂ ಹ್ಯಾಂಡಲನ್ನು ಎಳೆಯುತ್ತಿದ್ದವು. ಪೆಡಲು ಮೇಲೆ ಬಂದಾಗ ಸೈಕಲ್ಲು ಒಂದು ಕ್ಷಣ ನಿಂತೇಬಿಟ್ಟಿತೇನೋ ಅನ್ನಿಸುತ್ತಿತ್ತು. ಚೈನು ಆಗಲೇ ಹಿಂದಿನ ಅತಿ ದೊಡ್ಡ ಬಿಲ್ಲೆಯ ಮೇಲಿತ್ತು. ಮುಂದೆ 36 ಹಲ್ಲು, ಹಿಂದೆ 28. ಇನ್ನು ಇಳಿಸಲು ಗೇರೇ ಉಳಿದಿರಲಿಲ್ಲ. ಆದರೂ ಅವನ ಬೆರಳು ಗೇರು ಬದಲಿಸುವ ಶಿಫ್ಟರನ್ನು ಒತ್ತುತ್ತಲೇ ಇತ್ತು.

ಮೇಲೆ ಹೋದ ಮೇಲೆ ಕೇಳಿದೆ, ಇನ್ನೂ ದೊಡ್ಡ ಕ್ಯಾಸೆಟ್ ಯಾಕೆ ಹಾಕಿಸಿಲ್ಲ ಅಂತ. ಅವನು ಎರಡು ಕಾರಣ ಕೊಟ್ಟ. ಒಂದು, ಗೇರುಗಳ ನಡುವೆ ಅಂತರ ಜಾಸ್ತಿ ಆಗಿ ಬಯಲಲ್ಲಿ ತೊಂದರೆ ಆಗುತ್ತದಂತೆ. ಎರಡು, ರೋಡ್ ಬೈಕಿನ ಡಿರೇಲರ್‌ಗೆ ಅಷ್ಟು ದೊಡ್ಡದು ಹಿಡಿಸುವುದಿಲ್ಲವಂತೆ; ಚೈನನ್ನು ಬಿಲ್ಲೆಯಿಂದ ಬಿಲ್ಲೆಗೆ ಸರಿಸುವ ಭಾಗವೇ ಡಿರೇಲರ್. ಎರಡೂ ನಾವೆಲ್ಲ ಕೇಳಿರುವ ಮಾತುಗಳೇ. ಇವೆರಡೂ ಎಲ್ಲಿ ಸರಿ, ಎಲ್ಲಿ ತಪ್ಪು ಅಂತ ನೋಡುವುದೇ ಇವತ್ತಿನ ಮಾತು.

ಮೊದಲು ಒಂದು ಅಳತೆ ತಿಳಿದುಕೊಳ್ಳೋಣ. ನಮ್ಮ 700 ಚಕ್ರಕ್ಕೆ 25ರ ಟೈರು ಹಾಕಿದರೆ ಸುತ್ತಳತೆ ಸುಮಾರು 2.1 ಮೀಟರ್. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ, ಅದನ್ನು 2.1ರಿಂದ ಗುಣಿಸಿ. ಪೆಡಲು ಒಂದು ಸುತ್ತು ತುಳಿದರೆ ಸೈಕಲ್ಲು ಎಷ್ಟು ಮುಂದೆ ಹೋಗುತ್ತದೆ ಅಂತ ಸಿಗುತ್ತದೆ. 50/11 ಆದರೆ ಸುಮಾರು ಒಂಬತ್ತೂವರೆ ಮೀಟರ್. 34/28 ಆದರೆ 2.55 ಮೀಟರ್. 34/34 ಆದರೆ ಲೆಕ್ಕವೇ ಬೇಡ. ಪೆಡಲು ಒಂದು ಸುತ್ತು, ಚಕ್ರವೂ ಒಂದು ಸುತ್ತು, 2.1 ಮೀಟರ್. ನಮ್ಮ ಕಾಲಿಗೆ ಅರ್ಥವಾಗುವುದು ಮೀಟರ್ ಲೆಕ್ಕ ಮಾತ್ರ. ಬಿಲ್ಲೆಯ ಮೇಲಿನ ಅಂಕಿ ಅದಕ್ಕೆ ಗೊತ್ತಾಗುವುದಿಲ್ಲ.

ಈಗ ಒಂದು ಏರು ತೆಗೆದುಕೊಳ್ಳಿ. 8 ಶೇಕಡಾ ಅಂತಿಟ್ಟುಕೊಳ್ಳಿ, ಅಂದರೆ 100 ಮೀಟರ್ ಹೋದರೆ 8 ಮೀಟರ್ ಮೇಲಕ್ಕೆ. ಸವಾರ 75 ಕೆ.ಜಿ. ಸೈಕಲ್ಲು, ನೀರು, ಪಂಪು ಎಲ್ಲ ಸೇರಿ 10 ಕೆ.ಜಿ. ತುಂಬ ಹೊತ್ತು ಸುಸ್ತಾಗದೆ 150 ವ್ಯಾಟ್ ಕೊಡಬಲ್ಲವನು ಅಂತಿಟ್ಟುಕೊಳ್ಳಿ. ವಾರಕ್ಕೆ ಎರಡು ಮೂರು ದಿನ ಸೈಕಲ್ ಹೊಡೆಯುವ, ಕೆಲಸಕ್ಕೂ ಹೋಗುವ, ಮನೆಯನ್ನೂ ನೋಡುವ ನಮ್ಮಂಥವರಿಗೆ ಇದು ಹತ್ತಿರದ ಲೆಕ್ಕ. ಈ ಏರಿನಲ್ಲಿ ಅವನ ವೇಗ ಗಂಟೆಗೆ ಸುಮಾರು 7.6 ಕಿ.ಮೀ. ಬರುತ್ತದೆ. ಗೇರು ಯಾವುದೇ ಇರಲಿ, ವೇಗ ಅಷ್ಟೇ. ಗೇರು ಬದಲಾದರೆ ತುಳಿಯುವ ರೀತಿ ಬದಲಾಗುತ್ತದೆ.

34/34ರಲ್ಲಿ ಇದೇ ವೇಗಕ್ಕೆ ನಿಮಿಷಕ್ಕೆ 60 ಸುತ್ತು ತುಳಿಯುತ್ತಾನೆ. 34/28ರಲ್ಲಿ 50. ಹಳೆಯ ರೇಸ್ ಬೈಕುಗಳಲ್ಲಿ ಬರುತ್ತಿದ್ದ 39/25ರಲ್ಲಿ 39. ಶಕ್ತಿ ಅದೇ 150 ವ್ಯಾಟ್. ಆದರೆ ಪೆಡಲು ಕೂರುವ ಕೋಲಿನ, ಅಂದರೆ 170 ಮಿ.ಮೀ. ಕ್ರ್ಯಾಂಕಿನ ತುದಿಯಲ್ಲಿ ಸರಾಸರಿ ಒತ್ತಡ 34/34ರಲ್ಲಿ 14 ಕೆ.ಜಿ. ಭಾರದಷ್ಟು, 34/28ರಲ್ಲಿ 17, 39/25ರಲ್ಲಿ 22. ಇದು ಇಡೀ ಸುತ್ತಿನ ಸರಾಸರಿ. ಕಾಲು ಜೋರಾಗಿ ಕೆಳಗೆ ಒತ್ತುವ ಹೊತ್ತಿನಲ್ಲಿ ಮಂಡಿಯ ಮೇಲೆ ಬೀಳುವುದು ಇದಕ್ಕಿಂತ ತುಂಬ ಜಾಸ್ತಿ. ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಹಟ್ಟಿ ಘಾಟಿ ನಿಮ್ಮಲ್ಲಿ ಹಲವರಿಗೆ ಗೊತ್ತು. 36 ಹೇರ್‌ಪಿನ್ ತಿರುವು. ಅಲ್ಲಿ 8 ಶೇಕಡಾ ಅಂದರೆ ಉಸಿರು ತೆಗೆದುಕೊಳ್ಳುವ ಜಾಗ. ಅಂಥ ಕಡೆ ಒಂದೂವರೆ ಗಂಟೆ ಹೀಗೆ ಮಂಡಿ ಮೇಲೆ ಭಾರ ಹಾಕುತ್ತಾ ಹೋದವರು ಮಾರನೇ ದಿನ ಮೆಟ್ಟಿಲು ಇಳಿಯುವುದನ್ನು ನಾನು ನೋಡಿದ್ದೇನೆ.

ಅದಕ್ಕೇ ನಾನು ಹೇಳುವುದು ಇಷ್ಟು. ಗೇರನ್ನು ನಿಮ್ಮ ಅತಿ ಕಷ್ಟದ ಏರಿನಿಂದ ಲೆಕ್ಕ ಹಾಕಲು ಶುರು ಮಾಡಿ. ಆ ಏರಿನಲ್ಲಿ, ಸವಾರಿಯ ಕೊನೆಯಲ್ಲಿ, ಸುಸ್ತಾದ ಕಾಲಿನಲ್ಲಿ, ಕೂತುಕೊಂಡೇ ನಿಮಿಷಕ್ಕೆ 60 ಸುತ್ತಾದರೂ ತುಳಿಯಲು ಆಗಬೇಕು. 70 ಆದರೆ ಇನ್ನೂ ಒಳ್ಳೆಯದು. ಅಷ್ಟು ಸಿಕ್ಕಿತಾ? ಆಮೇಲೆ ಉಳಿದದ್ದನ್ನು ನೋಡೋಣ. ನಾವು ಸಾಮಾನ್ಯವಾಗಿ ಉಲ್ಟಾ ಮಾಡುತ್ತೇವೆ. ಮುಂದೆ 52 ಇರಲಿ, ಹಿಂದೆ 11 ಇರಲಿ, ಇಳಿಜಾರಿನಲ್ಲಿ ಬೇಕಾಗುತ್ತದೆ ಅಂತ ವೇಗದ ತುದಿಯಿಂದ ಶುರು ಮಾಡುತ್ತೇವೆ. 50/11ರಲ್ಲಿ ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 51 ಕಿ.ಮೀ. ದಾಟುತ್ತದೆ. ನೆಲ ಸಮ ಇರುವ ಕಡೆ ನಮ್ಮಲ್ಲಿ ಯಾರು ಆ ವೇಗದಲ್ಲಿ ಹೋಗುತ್ತಾರೆ? ಇಳಿಜಾರಿನಲ್ಲಿ ಅಷ್ಟು ವೇಗ ಬಂದ ಮೇಲೆ ತುಳಿಯುವುದಕ್ಕಿಂತ ಬ್ರೇಕಿನ ಮೇಲೆ ಬೆರಳಿಡುವುದೇ ಕೆಲಸ.

ಈಗ ಕ್ಯಾಸೆಟ್ ಎಣಿಸಿದ್ದೀರಲ್ಲ, ಅಂತರದ ಮಾತಿಗೆ ಬರೋಣ. 11-28ರಲ್ಲಿ ಇರುವುದು ಹೀಗೆ: 11, 12, 13, 14, 15, 17, 19, 21, 23, 25, 28. 11-34ರಲ್ಲಿ: 11, 13, 15, 17, 19, 21, 23, 25, 27, 30, 34. ಎರಡನ್ನೂ ಪಕ್ಕ ಪಕ್ಕ ಹಿಡಿಯಿರಿ. 15ರಿಂದ 25ರ ತನಕ ಏನು ವ್ಯತ್ಯಾಸ ಇದೆ? ಏನೂ ಇಲ್ಲ. 15, 17, 19, 21, 23, 25, ಎರಡರಲ್ಲೂ ಅವೇ. ಒಂದು ಹಲ್ಲಿನ ವ್ಯತ್ಯಾಸವೂ ಇಲ್ಲ.

ನಾನು ಇದನ್ನು ಮೊದಲ ಸಲ ಕಾಗದದ ಮೇಲೆ ಬರೆದು ನೋಡಿದಾಗ ನಿಜಕ್ಕೂ ಬೆರಗಾಗಿದ್ದೆ. ಯಾವ ಅಂತರಕ್ಕೆ ಹೆದರಿ ವರ್ಷಗಟ್ಟಲೆ 28ರಲ್ಲಿ ಒದ್ದಾಡಿದ್ದೆನೋ, ಆ ಅಂತರ 28ರ ಕ್ಯಾಸೆಟ್ಟಿನಲ್ಲೂ ಇತ್ತು. ದೊಡ್ಡದಕ್ಕೆ ಹೋದಾಗ ಕಳೆದುಕೊಳ್ಳುವುದು 12 ಮತ್ತು 14, ಎರಡೇ ಬಿಲ್ಲೆ. ತುದಿಯಲ್ಲಿ 28 ಇದ್ದ ಕಡೆ 27, 30, 34 ಬರುತ್ತವೆ. 50/14ರಲ್ಲಿ ನಿಮಿಷಕ್ಕೆ 90 ಸುತ್ತು ಅಂದರೆ ಗಂಟೆಗೆ 40 ಕಿ.ಮೀ. 50/12ರಲ್ಲಿ 47. ಅಂದರೆ 40ಕ್ಕಿಂತ ಮೇಲೆ, ಗುಂಪಿನಲ್ಲಿ ರೇಸ್ ಓಡುವವರಿಗೆ ಆ ಎರಡು ಬಿಲ್ಲೆ ಇಲ್ಲದಿರುವುದು ಗೊತ್ತಾಗುತ್ತದೆ. ಶ್ರೀರಂಗಪಟ್ಟಣದ ದಾರಿಯಲ್ಲಿ 28, 30ರಲ್ಲಿ ಮಾತಾಡುತ್ತಾ ಹೋಗುವವರು 17 ಮತ್ತು 19ರ ನಡುವೆಯೇ ಓಡಾಡುತ್ತಿರುತ್ತಾರೆ. 30 ಕಿ.ಮೀ. ವೇಗದಲ್ಲಿ 50/17 ಆದರೆ ನಿಮಿಷಕ್ಕೆ 81 ಸುತ್ತು, 50/19 ಆದರೆ 90. ಯಾವ ಕ್ಯಾಸೆಟ್ ಹಾಕಿದರೂ ಇದು ಹೀಗೇ.

ಅಂತರದ ಮಾತು ಪೂರ್ತಿ ಸುಳ್ಳು ಅಂತ ಹೇಳುತ್ತಿಲ್ಲ. ರೇಸಿನವರು ಹಾಕುತ್ತಿದ್ದ 12-25 ಇದೆಯಲ್ಲ, ಅದರಲ್ಲಿ 12ರಿಂದ 19ರ ತನಕ ಒಂದೊಂದೇ ಹಲ್ಲಿನ ಮೆಟ್ಟಿಲು. ಅದನ್ನು ಓಡಿಸಿದವರಿಗೆ ಗೊತ್ತು, ಎದುರು ಗಾಳಿಯಲ್ಲಿ ಎಷ್ಟು ಸುಖ ಅಂತ. ಹಾಗೆಯೇ 8 ಸ್ಪೀಡಿನ ಸೈಕಲ್ಲಿನಲ್ಲಿ ಅಂತರ ದೊಡ್ಡ ಪ್ರಶ್ನೆಯೇ. 11ರಿಂದ 34ಕ್ಕೆ ಎಂಟೇ ಬಿಲ್ಲೆಯಲ್ಲಿ ಹೋಗಬೇಕು ಅಂದರೆ ಪ್ರತಿ ಮೆಟ್ಟಿಲೂ ಸರಾಸರಿ 17 ಶೇಕಡಾಕ್ಕಿಂತ ಎತ್ತರ. 11 ಸ್ಪೀಡಿನಲ್ಲಿ ಅದು 12ಕ್ಕೆ ಇಳಿಯುತ್ತದೆ. ಶಿಮಾನೊದ ಈಗಿನ 12 ಸ್ಪೀಡಿನ 105 ಸೆಟ್ಟಿನಲ್ಲಿ 11-34 ತೆಗೆದುಕೊಂಡರೆ 11, 12, 13, 14, 15, 17, 19, 21, 24, 27, 30, 34 ಬರುತ್ತದೆ. ಕಳೆದುಹೋಗಿದ್ದ 12, 14 ಎರಡೂ ವಾಪಸ್. ಹೊಸ ಸೈಕಲ್ಲು ಕೊಳ್ಳುವವರಿಗೆ ಈ ಚಿಂತೆಯೇ ಬೇಡ.

ದೊಡ್ಡ ಬಿಲ್ಲೆ ಹಾಕಿಸಿಕೊಳ್ಳುವುದು ಅವಮಾನ ಅಂತ ಕೆಲವರಿಗೆ ಅನ್ನಿಸುತ್ತದೆ. ಈ ಭಾವನೆ ಹಳೆಯದು. ಟೂರ್ ದ ಫ್ರಾನ್ಸ್‌ನಲ್ಲಿ ಸ್ಪರ್ಧಿಗಳಿಗೆ ಡಿರೇಲರ್ ಬಳಸಲು ಅವಕಾಶ ಸಿಕ್ಕಿದ್ದೇ 1937ರಲ್ಲಿ. ಅದಕ್ಕೆ ಮೊದಲು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕಿ, ಇನ್ನೊಂದು ಬದಿಯ ಹಲ್ಲಿಗೆ ಚೈನು ಏರಿಸಿ ಹತ್ತುತ್ತಿದ್ದರು. ಗೇರು ಬೇಕು ಅನ್ನುವುದು ದುರ್ಬಲರ ಮಾತು ಅಂತ ಆಗಲೂ ವಾದ ಮಾಡಿದವರಿದ್ದರು. ಈಗ ಶಿಮಾನೊದ ಅತಿ ದುಬಾರಿ ರೇಸ್ ಸೆಟ್ ಡ್ಯೂರಾ-ಏಸ್‌ನಲ್ಲೇ 11-34 ಸಿಗುತ್ತದೆ. ಅದನ್ನು ಹಾಕಿಕೊಂಡು ಹತ್ತುವವರು ನಮ್ಮ ಎರಡರಷ್ಟು ವ್ಯಾಟ್ ಕೊಡುವವರು. ಅವರಿಗೆ ಬೇಕಾದದ್ದು ನಮಗೆ ಬೇಡವೇ?

ಮುಂದಿನ ಚೈನ್‌ರಿಂಗ್ ಬಗ್ಗೆ, ಅಂದರೆ ಪೆಡಲಿನ ಬಳಿಯ ಹಲ್ಲಿನ ಚಕ್ರಗಳ ಬಗ್ಗೆ, ಜಾಸ್ತಿ ಹೇಳುವುದಿಲ್ಲ. ಇಲ್ಲಿ 50/34 ಅಂದರೆ ಮುಂದಿನ ದೊಡ್ಡ ಮತ್ತು ಚಿಕ್ಕ ರಿಂಗುಗಳ ಹಲ್ಲು; ಅದು ನಮ್ಮ ಘಾಟಿಗಳಿಗೆ ಸರಿಯಾದದ್ದು. 52/36 ಬಂದಿದ್ದರೆ ಹಿಂದೆ 34 ಹಾಕಿ, ಸಾಕಾಗಬಹುದು. 53/39 ಇರುವ ಹಳೆಯ ಸೈಕಲ್ಲು ಕೊಂಡವರು ಕ್ರ್ಯಾಂಕ್ ಬದಲಾಯಿಸುವ ಬಗ್ಗೆ ಯೋಚಿಸಿ. ಹೊರೆ ಹೊತ್ತು ದೂರ ಹೋಗುವವರಿಗೆ, ವಯಸ್ಸಾದವರಿಗೆ, ಮಂಡಿ ನೋವಿರುವವರಿಗೆ 46/30 ಅಂತ ಒಂದಿದೆ. ಶಿಮಾನೊದ ಜಿಆರ್‌ಎಕ್ಸ್ ಸೆಟ್ಟಿನಲ್ಲಿ ಬರುತ್ತದೆ. 30/34ರಲ್ಲಿ ಒಂದು ಸುತ್ತಿಗೆ 1.85 ಮೀಟರ್ ಮಾತ್ರ. 46/11ರಲ್ಲೂ 90 ಸುತ್ತಿಗೆ 47 ಕಿ.ಮೀ. ಬರುತ್ತದೆ. ಒಂದೇ ಎಚ್ಚರ: ಜಿಆರ್‌ಎಕ್ಸ್ ಕ್ರ್ಯಾಂಕಿನ ಹಲ್ಲು 2.5 ಮಿ.ಮೀ. ಹೊರಗಿರುತ್ತದೆ, ಅದಕ್ಕೆ ಅದರದೇ ಮುಂದಿನ ಡಿರೇಲರ್ ಬೇಕು.

ಇನ್ನು ಹಿಂದಿನ ಡಿರೇಲರ್. ಇದು ಮಾಡುವ ಕೆಲಸ ಎರಡು. ಚೈನನ್ನು ಬಿಲ್ಲೆಯಿಂದ ಬಿಲ್ಲೆಗೆ ಸರಿಸುವುದು ಒಂದು. ಸಡಿಲಾದ ಚೈನನ್ನು ಹಿಂದಕ್ಕೆ ಎಳೆದು ಬಿಗಿ ಇಡುವುದು ಇನ್ನೊಂದು. ಅದಕ್ಕೇ ಅದರ ಮಿತಿಯನ್ನು ಹೇಳುವ ಅಂಕಿಗಳೂ ಎರಡು. ಜನ ಒಂದನ್ನು ನೋಡಿ ಇನ್ನೊಂದನ್ನು ಮರೆಯುತ್ತಾರೆ.

ಮೊದಲನೆಯದು, ಅತಿ ದೊಡ್ಡ ಬಿಲ್ಲೆ ಎಷ್ಟಿರಬಹುದು ಅನ್ನುವುದು. ಡಿರೇಲರಿನ ಕೆಳಗೆ ಎರಡು ಪುಟ್ಟ ಚಕ್ರಗಳಿವೆಯಲ್ಲ, ಅದರಲ್ಲಿ ಮೇಲಿನದು ಬಿಲ್ಲೆಯ ಹತ್ತಿರ, ಆದರೆ ತಾಗದ ಹಾಗೆ ಸಾಗಬೇಕು. ಒಳಗೆ ಸರಿದಂತೆ ಕೆಳಗೂ ಇಳಿಯಬೇಕು, ಯಾಕೆಂದರೆ ಬಿಲ್ಲೆ ದೊಡ್ಡದಾಗುತ್ತಾ ಹೋಗುತ್ತದೆ. ಹೀಗೆ ಓರೆಯಾಗಿ ಚಲಿಸುವ ಡಿರೇಲರನ್ನು ಮೊದಲು ಮಾಡಿದ್ದು ಜಪಾನಿನ ಸನ್‌ಟೂರ್, 1964ರಲ್ಲಿ. 1984ರಲ್ಲಿ ಅದರ ಪೇಟೆಂಟ್ ಮುಗಿದ ಮೇಲೆ ಉಳಿದವರೂ ಅದನ್ನೇ ಹಿಡಿದರು. ಆ ಓರೆ ಎಷ್ಟಿದೆ ಅನ್ನುವುದರ ಮೇಲೆ ಬಿಲ್ಲೆಯ ಮಿತಿ ನಿಂತಿದೆ.

ಎರಡನೆಯದು ಒಟ್ಟು ಕೆಪ್ಯಾಸಿಟಿ. ಎಷ್ಟು ಸಡಿಲ ಚೈನನ್ನು ಅದು ನುಂಗಬಲ್ಲದು ಅನ್ನುವ ಲೆಕ್ಕ. ಇದು ಆ ಎರಡು ಪುಟ್ಟ ಚಕ್ರ ಹಿಡಿದು ಕೆಳಗೆ ತೂಗುವ ಕೇಜಿನ ಉದ್ದದ ಮೇಲೆ ನಿಂತಿದೆ. ಲೆಕ್ಕ ಸುಲಭ. ಮುಂದಿನ ಎರಡರ ವ್ಯತ್ಯಾಸಕ್ಕೆ ಹಿಂದಿನ ತುದಿಗಳ ವ್ಯತ್ಯಾಸ ಕೂಡಿಸಿ. 50/34ರ ವ್ಯತ್ಯಾಸ 16. 52/36ದೂ 16. 11-28 ಆದರೆ 17 ಕೂಡಿಸಿ, 33. 11-30 ಆದರೆ 35. 11-32 ಆದರೆ 37. 11-34 ಆದರೆ 39.

ಈಗ ನೋಡಿ, 11 ಸ್ಪೀಡಿನ 105ರಲ್ಲಿ ಆರ್7000 ಡಿರೇಲರ್ ಎರಡು ಬಗೆ. ಗಿಡ್ಡ ಕೇಜಿನದು ಎಸ್‌ಎಸ್: ಬಿಲ್ಲೆ 30ರ ತನಕ, ಕೆಪ್ಯಾಸಿಟಿ 35. ಉದ್ದ ಕೇಜಿನದು ಜಿಎಸ್: ಬಿಲ್ಲೆ 28ರಿಂದ 34ರ ತನಕ, ಕೆಪ್ಯಾಸಿಟಿ 39. ಅದಕ್ಕೂ ಹಿಂದಿನ 5800ರಲ್ಲಿ ಎಸ್‌ಎಸ್ 28 ಮತ್ತು 33, ಜಿಎಸ್ 32 ಮತ್ತು 37. ನಾವು ಈಗ ಕೂಡಿಸಿದ ಅಂಕಿಗಳೇ ಇವು, ಅಲ್ವಾ? ಒಂದು ಮಾತು ಗಮನಿಸಿ. ಆರ್7000 ಜಿಎಸ್‌ಗೆ ಕೆಳಗಿನ ಮಿತಿಯೂ ಇದೆ. ದೊಡ್ಡ ಬಿಲ್ಲೆ 28ಕ್ಕಿಂತ ಚಿಕ್ಕದಿದ್ದರೆ ಮೇಲಿನ ಪುಟ್ಟ ಚಕ್ರ ದೂರ ಉಳಿದು ಗೇರು ಮಂದವಾಗಿ ಬೀಳುತ್ತದೆ. ಬೆಟ್ಟಕ್ಕೆ 34, ರೇಸಿಗೆ 25 ಅಂತ ಎರಡು ಚಕ್ರ ಇಟ್ಟುಕೊಳ್ಳುವವರು ಇದನ್ನು ನೆನಪಿಡಿ.

ಈ ಲೆಕ್ಕವನ್ನು ಕಲಿಯಲು ನನಗೆ ಒಂದು ಡಿರೇಲರ್ ಖರ್ಚಾಯಿತು. ಕೆಲವು ವರ್ಷದ ಹಿಂದಿನ ಮಾತು. ನನ್ನದು ಗಿಡ್ಡ ಕೇಜಿನದು, 28ರ ಮಿತಿಯದು. ಒಂದು ಅಂಗಡಿಯಲ್ಲಿ 32 ಹಾಕಿಸಿದೆ. ಹಿಡಿಸುತ್ತಾ ಅಂತ ಕೇಳಿದೆ. "ನಡೆಯುತ್ತೆ ಸಾರ್" ಅಂದರು. ಸ್ಟ್ಯಾಂಡಿನ ಮೇಲೆ ತಿರುಗಿಸಿ ತೋರಿಸಿದರು. ಮುಂದಿನ ಚಿಕ್ಕ ರಿಂಗಿನಲ್ಲಿ 32ಕ್ಕೆ ಚೆನ್ನಾಗಿಯೇ ಹತ್ತಿತು. ದೊಡ್ಡ ರಿಂಗಿನಲ್ಲಿ ಅವರೂ ನೋಡಲಿಲ್ಲ, ನಾನೂ ಕೇಳಲಿಲ್ಲ. ಚೈನು ಹಳೆಯದೇ. ಅದು ಮೊದಲೇ ಬಿಗಿ ಅಳತೆಗೆ ಕತ್ತರಿಸಿದ್ದು.

ಮೂರನೇ ದಿನ ಇದೇ ಬೆಟ್ಟ. ಒಂದು ಸಣ್ಣ ಇಳಿತ ಮುಗಿದು ತಟ್ಟನೆ ಏರು ಬಂತು. ನಾನು ದೊಡ್ಡ ರಿಂಗಿನಲ್ಲೇ ಇದ್ದೆ. ಅವಸರದಲ್ಲಿ ಹಿಂದಿನ ಶಿಫ್ಟರನ್ನು ಎರಡು ಸಲ ಒತ್ತಿದೆ. ಚೈನು 32ರ ಮೇಲೆ ಏರಲು ಹೋಯಿತು. ಕೆಳಗಿನಿಂದ ಗರಗರ ಸದ್ದು. ಒಂದು ಸುತ್ತು ತುಳಿದೆ, ಪೆಡಲು ಕಲ್ಲಿಗೆ ಬಡಿದ ಹಾಗೆ ನಿಂತಿತು. ಇನ್ನೊಂದು ಸಲ ಒತ್ತಿದೆ. ಕಟ್ ಅಂತ ಒಂದು ಸದ್ದು. ಹಿಂದಿನ ಚಕ್ರ ನಿಂತುಬಿಟ್ಟಿತು. ಇಳಿದು ನೋಡಿದರೆ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮುರಿದಿದೆ. ಡಿರೇಲರ್ ಕಡ್ಡಿಗಳ ಒಳಗೆ ಹೋಗಿ ಮಡಚಿಕೊಂಡಿದೆ. ಎರಡು ಕಡ್ಡಿ ಬಾಗಿವೆ. ಚಕ್ರ ಉರುಳುತ್ತಲೇ ಇರಲಿಲ್ಲ. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಇಳಿದೆ.

ಏನಾಗಿತ್ತು ಅಂತ ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ದೊಡ್ಡ ರಿಂಗು, ದೊಡ್ಡ ಬಿಲ್ಲೆ, ಎರಡನ್ನೂ ಒಟ್ಟಿಗೆ ಸುತ್ತಲು ಚೈನಿನ ಉದ್ದ ಸಾಲದೇ ಹೋಗಿತ್ತು. ಕೇಜು ಮುಂದಕ್ಕೆ ನೇರವಾಗಿ ಚಾಚಿ, ಇನ್ನು ಚಾಚಲು ಆಗದೆ, ಭಾರವೆಲ್ಲ ಹ್ಯಾಂಗರಿನ ಮೇಲೆ ಬಿತ್ತು. ಹ್ಯಾಂಗರ್ ಮುರಿಯಲೆಂದೇ ಮೆದುವಾಗಿ ಮಾಡಿರುತ್ತಾರೆ, ಫ್ರೇಮ್ ಉಳಿಯಲಿ ಅಂತ. ನನ್ನ ಫ್ರೇಮ್ ಉಳಿಯಿತು.

ಚೈನಿನ ಲೆಕ್ಕ ಹೀಗೆ. ಬಿಲ್ಲೆಯಲ್ಲಿ ಹಲ್ಲು ಜಾಸ್ತಿ ಆದರೆ, ಚೈನು ಅದರ ಅರ್ಧ ಸುತ್ತನ್ನಷ್ಟೇ ಹಿಡಿಯುವುದರಿಂದ, ಅರ್ಧದಷ್ಟು ಕೊಂಡಿ ಜಾಸ್ತಿ ಬೇಕು. 28ರಿಂದ 34ಕ್ಕೆ ಹೋದರೆ 6 ಹಲ್ಲು, 3 ಕೊಂಡಿ. ಚೈನನ್ನು ಜೋಡಿ ಲೆಕ್ಕದಲ್ಲೇ ಕತ್ತರಿಸಬೇಕಾದ್ದರಿಂದ 4. ಹೊಸ ಚೈನಾದರೆ ಡಿರೇಲರಿಗೆ ಹಾಕದೆ ನೇರವಾಗಿ ಮುಂದಿನ ದೊಡ್ಡದು, ಹಿಂದಿನ ದೊಡ್ಡದು ಎರಡನ್ನೂ ಸುತ್ತಿಸಿ, ಅದಕ್ಕೆ ಎರಡು ಕೊಂಡಿ, ಅಂದರೆ ಒಂದು ಇಂಚು, ಕೂಡಿಸಿ. ಕ್ಯಾಸೆಟ್ ದೊಡ್ಡದು ಮಾಡಿಸುವಾಗ ಚೈನನ್ನೂ ಹೊಸದಾಗಿ ಹಾಕಿಸಿಬಿಡಿ. ಅದರಲ್ಲಿ ಉಳಿತಾಯ ನೋಡಬೇಡಿ.

ಡಿರೇಲರ್ ಬದಲಾಯಿಸಲೇಬೇಕು ಅಂತಾದರೆ ಇನ್ನೊಂದು ಬಲೆ ಇದೆ. ಶಿಫ್ಟರನ್ನು ಒಂದು ಸಲ ಒತ್ತಿದರೆ ಕೇಬಲ್ ಇಂತಿಷ್ಟು ಎಳೆಯುತ್ತದೆ. ಅಷ್ಟು ಎಳೆತಕ್ಕೆ ಡಿರೇಲರ್ ಇಂತಿಷ್ಟು ಸರಿಯುತ್ತದೆ. ಇವೆರಡೂ ಹೊಂದದಿದ್ದರೆ ಎಷ್ಟು ತಿರುಪು ತಿರುಗಿಸಿದರೂ ಗೇರು ಕೂರುವುದಿಲ್ಲ. ಶಿಮಾನೊ ಶಿಫ್ಟರಿಗೆ ಸ್ರ್ಯಾಮ್ ಅನ್ನುವ ಬೇರೆ ಕಂಪನಿಯ ಡಿರೇಲರ್ ಹಾಕಬೇಡಿ. ಶಿಮಾನೊದ ಒಳಗೂ ಎಲ್ಲ ಒಂದೇ ಅಲ್ಲ. ಟಿಯಾಗ್ರಾ 4700 ಇದೆಯಲ್ಲ, 10 ಸ್ಪೀಡಿನದು, ಅದರ ಎಳೆತ ಹಳೆಯ 10 ಸ್ಪೀಡಿನ ರೋಡ್ ಸೆಟ್ಟುಗಳ ಹಾಗಿಲ್ಲ. 11 ಸ್ಪೀಡಿನ ರೋಡ್ ಸೆಟ್ಟುಗಳ ಹಾಗಿದೆ. 10 ಸ್ಪೀಡ್ ಅಂತ ಬರೆದಿದೆ ಅಂತ ನಂಬಿ ಹಳೆಯ 10 ಸ್ಪೀಡಿನ 105ರ 5700 ಡಿರೇಲರನ್ನು ಅದಕ್ಕೆ ತಂದರೆ ದುಡ್ಡು ಹೋದ ಹಾಗೇ. ಹಾಗೆಯೇ 10 ಸ್ಪೀಡಿನ ಮೌಂಟನ್ ಬೈಕ್ ಡಿರೇಲರ್ ರೋಡ್ ಶಿಫ್ಟರಿಗೆ ಬರುವುದಿಲ್ಲ. ಆದರೆ 9 ಸ್ಪೀಡಿನ ಮೌಂಟನ್ ಬೈಕ್ ಡಿರೇಲರ್, 8, 9 ಮತ್ತು 4700ಕ್ಕೆ ಮೊದಲಿನ 10 ಸ್ಪೀಡಿನ ರೋಡ್ ಶಿಫ್ಟರುಗಳಿಗೆ ಸರಿಯಾಗಿ ಹೊಂದುತ್ತದೆ. ಹಳೆಯ ಸೋರಾ, ಹಳೆಯ ಟಿಯಾಗ್ರಾ ಸೆಟ್ಟು ಇಟ್ಟುಕೊಂಡಿರುವ ಗೆಳೆಯರಿಗೆ ಇದು ಒಂದು ವರ. ಕಡಿಮೆ ಖರ್ಚಿನಲ್ಲಿ ಘಾಟಿಯ ಗೇರು ಸಿಗುತ್ತದೆ.

ಚಕ್ರದ ನಡುವೆ ಕ್ಯಾಸೆಟ್ ಕೂರುವ ಹಬ್ಬಿನಲ್ಲೂ ಒಂದು ಸಣ್ಣ ಸಂಗತಿ ಇದೆ. 11 ಸ್ಪೀಡಿನ ಎಚ್‌ಜಿ700, ಎಚ್‌ಜಿ800 ಅನ್ನುವ 11-34 ಕ್ಯಾಸೆಟ್ಟುಗಳು 10 ಸ್ಪೀಡಿನ ಅಗಲಕ್ಕೆ ಮಾಡಿದವು. 11 ಸ್ಪೀಡಿನ ರೋಡ್ ಹಬ್ಬಿಗೆ ಹಾಕುವಾಗ ಹಿಂದೆ 1.85 ಮಿ.ಮೀ.ನ ಸ್ಪೇಸರ್ ಅನ್ನುವ ತೆಳು ಬಳೆ ಬೇಕು. ಅದನ್ನು ಮರೆತರೆ ಎಷ್ಟು ಬಿಗಿ ಮಾಡಿದರೂ ಕ್ಯಾಸೆಟ್ ಲಟಲಟ ಅಲ್ಲಾಡುತ್ತದೆ. ಹಳೆಯ 10 ಸ್ಪೀಡ್ ಚಕ್ರದವರಿಗೆ ಮಾತ್ರ ಇದು ಒಳ್ಳೆಯದೇ, ಸ್ಪೇಸರ್ ಇಲ್ಲದೆ ನೇರ ಕೂರುತ್ತದೆ.

ಇನ್ನು ನೀವು ಕೇಳಿದ ಪ್ರಶ್ನೆಗಳು.

ಬರೆದಿರುವ ಮಿತಿಗಿಂತ ಒಂದೆರಡು ಹಲ್ಲು ಜಾಸ್ತಿ ಹಾಕಿದರೆ ನಡೆಯುವುದಿಲ್ಲವಾ ಅಂತ ಕೇಳಿದಿರಿ. ಹಲವು ಸಲ ನಡೆಯುತ್ತದೆ. 28ರ ಡಿರೇಲರಿನಲ್ಲಿ ಮೇಲಿನ ಪುಟ್ಟ ಚಕ್ರವನ್ನು ಬಿಲ್ಲೆಯಿಂದ ದೂರ ಸರಿಸುವ ಬಿ ತಿರುಪನ್ನು ಒಳಗೆ ತಿರುಗಿಸಿ 30 ಓಡಿಸುವವರಿದ್ದಾರೆ. ಫ್ರೇಮಿನ ಹ್ಯಾಂಗರ್ ಎಷ್ಟು ಉದ್ದ ಇದೆ ಅನ್ನುವುದರ ಮೇಲೆ ಹೋಗುತ್ತದೆ. ಕೆಪ್ಯಾಸಿಟಿ ಒಂದೆರಡು ಮೀರಿದರೆ ಚಿಕ್ಕ ರಿಂಗು, ಚಿಕ್ಕ ಬಿಲ್ಲೆಯಲ್ಲಿ ಚೈನು ಜೋತುಬೀಳುತ್ತದೆ, ಸದ್ದು ಮಾಡುತ್ತದೆ. ಆ ಗೇರಿಗೆ ಹೇಗೂ ಯಾರೂ ಹೋಗಬಾರದು. ಆದರೆ ಚೈನು ಗಿಡ್ಡ ಆಗುವ ತಪ್ಪು ಮಾತ್ರ ಬೇಡ. ಜೋತುಬಿದ್ದ ಚೈನು ಕಿರಿಕಿರಿ ಮಾಡುತ್ತದೆ. ಗಿಡ್ಡ ಚೈನು ಸೈಕಲ್ಲನ್ನೇ ಮುರಿಯುತ್ತದೆ. ನನ್ನನ್ನು ಕೇಳಿದರೆ, ಉದ್ದ ಕೇಜಿನ ಡಿರೇಲರ್ ಕೊಂಡುಬಿಡಿ. ಕೆಲವು ಗ್ರಾಂ ಜಾಸ್ತಿ ತೂಗುತ್ತದೆ, ಅಷ್ಟೇ.

ಮುಂದೆ ಒಂದೇ ರಿಂಗು ಇರುವ ಸೈಕಲ್ಲು ರೋಡಿಗೆ ಸರಿಯಾ ಅಂತ ಇನ್ನೊಬ್ಬರು ಕೇಳಿದರು. ಮಣ್ಣಿನ ದಾರಿಗೆ ಚೆನ್ನ. ನಾವು ಹೋಗುವ ಹಾಗೆ 60 ಕಿ.ಮೀ. ಬಯಲು, ಆಮೇಲೆ ಘಾಟಿ ಅಂತಾದರೆ ನನಗೆ ಎರಡು ರಿಂಗೇ ಇಷ್ಟ. ಇಲ್ಲಿ ನಿಮ್ಮ ರುಚಿ ಬೇರೆ ಇರಬಹುದು.

ಬೆಂಗಳೂರಿನಿಂದ ಬಂದ ಗೆಳತಿ ಕೇಳಿದ್ದು: "ನಾನು ವಾರಕ್ಕೊಮ್ಮೆ ನಂದಿ ಬೆಟ್ಟ ಮಾತ್ರ ಹತ್ತೋದು. 50/34, 11-30 ಇದೆ. ಬದಲಾಯಿಸಬೇಕಾ?" ಕೊನೆಯ ತಿರುವುಗಳಲ್ಲಿ ನಿಮಿಷಕ್ಕೆ ಎಷ್ಟು ಸುತ್ತು ತುಳಿಯುತ್ತೀರಿ ಅಂತ ಕೇಳಿದೆ. ಅವರ ಮೀಟರಿನಲ್ಲಿ 64, 65 ಬರುತ್ತದಂತೆ. ಹಾಗಾದರೆ ಬೇಡ. ಸುಮ್ನೆ ದುಡ್ಡು ಖರ್ಚು ಮಾಡಬೇಡಿ. ಈ ಕ್ಯಾಸೆಟ್ ಸವೆದ ಮೇಲೆ ಯೋಚಿಸಿ. ಕಲ್ಹಟ್ಟಿಗೆ ಹೋಗುವ ಮನಸ್ಸು ಬಂದರೆ ಆಗ 34 ಹಾಕಿ, ಅದಕ್ಕೆ ಮೊದಲು ಡಿರೇಲರಿನ ಹಿಂಬದಿ ನೋಡಿ.

ಹಿಂಬದಿ ಅಂದೆನಲ್ಲ, ಮಾತು ಮುಗಿದ ಮೇಲೆ ಆ ಹುಡುಗ ಸೈಕಲ್ಲನ್ನು ಒಳಗೆ ತಂದ. ಹಿಂದಿನ ಚಕ್ರ ಬಿಚ್ಚಿ, ಡಿರೇಲರನ್ನು ಬಟ್ಟೆಯಿಂದ ಒರೆಸಿದೆವು. ಗ್ರೀಸಿನ ಅಡಿಯಲ್ಲಿ ಪುಟ್ಟ ಅಕ್ಷರಗಳು. ಮೊಬೈಲಿನ ಬೆಳಕು ಹಿಡಿದು ಅವನೇ ಓದಿದ. ಆರ್7000. ಕೇಜಿನ ಮೇಲೆ ಜಿಎಸ್. ಸೈಕಲ್ಲು ಕೊಂಡ ದಿನದಿಂದಲೂ ಅದು 34 ಹಲ್ಲನ್ನು ತಾಳುವ ಡಿರೇಲರೇ. ಎರಡು ವರ್ಷ ಅವನು ಅದರ ಮೇಲೆ ಕೂತು 28ರಲ್ಲಿ ಒದ್ದಾಡಿದ್ದಾನೆ.

ಲೆಕ್ಕ ಅವನ ಕೈಯಲ್ಲೇ ಹಾಕಿಸಿದೆ. 52ರಿಂದ 36 ಕಳೆದರೆ 16. 34ರಿಂದ 11 ಕಳೆದರೆ 23. ಒಟ್ಟು 39. ಸರಿಯಾಗಿ ಮಿತಿಯ ಒಳಗೆ. ಬೇಕಾದದ್ದು ಒಂದು ಕ್ಯಾಸೆಟ್, ಒಂದು ಚೈನು, ಒಂದು 1.85ರ ಸ್ಪೇಸರ್. ಇವತ್ತಿನದೇ ವೇಗದಲ್ಲಿ ಹತ್ತಿದರೂ 42 ಇದ್ದದ್ದು 51 ಆಗುತ್ತದೆ. 60 ಬೇಕು ಅಂದರೆ ಮುಂದೆ 46/30 ಹಾಕಬೇಕು, ಇಲ್ಲ ಒಂದೆರಡು ತಿಂಗಳು ಜಾಸ್ತಿ ಸೈಕಲ್ ಹೊಡೆಯಬೇಕು. ಎರಡನೆಯದನ್ನು ಮಾಡುತ್ತೇನೆ ಅಂದ. ಮೇಜಿನ ಮೇಲಿದ್ದ 11-34 ಅನ್ನು ಅವನ ಕೈಗೇ ಕೊಟ್ಟೆ. ಬರುವ ಭಾನುವಾರ ಅದೇ ತಿರುವಿನಲ್ಲಿ ಮತ್ತೆ ಅವನ ಹಿಂದೆ ಇರುತ್ತೇನೆ, ಎಣಿಸುತ್ತಾ.